ಮೂವರು ಅತಿಥಿಗಳ ಯುಗಾದಿ ಊಟ

ಎಷ್ಟೋ ತಲೆಮಾರುಗಳ ಹಿಂದೆ ಸುರಗಿಪುರವೆಂಬ ರಾಜ್ಯದಲ್ಲಿ ಯುಗಾದಿ ಬಂತೆಂದರೆ ಜನ ನಡುಗುತ್ತಿದ್ದರು. ಆ ದಿನ ಕರಾಳಕೇತುವೆಂಬ ಮಾಂತ್ರಿಕ ಮೂವರು ಅತಿಥಿಗಳನ್ನು ಕರೆದುಕೊಂಡು ಅರಮನೆಗೆ ಊಟಕ್ಕೆ ಬರುತ್ತಿದ್ದ. ಮೂವರಲ್ಲಿ ಒಬ್ಬರು ಹಸಿದು ಎದ್ದರೂ ಅಡುಗೆ ಮಾಡಿದವರು ಕಲ್ಲಾಗುತ್ತಿದ್ದರು, ರಾಜ್ಯದ ಒಂದು ಕೆರೆ ಬತ್ತುತ್ತಿತ್ತು. ಹಾಗೆ ಆರು ಕೆರೆಗಳು ಬತ್ತಿದ್ದವು. ಹೋದ ವರ್ಷ ಅಡುಗೆಯ ಬೊಮ್ಮರಸ ಸೌಟು ಹಿಡಿದಂತೆಯೇ ಕಲ್ಲಾಗಿ ನಿಂತಿದ್ದ.

ಈ ವರ್ಷ ಅವನ ಹೆಂಡತಿ ದ್ಯಾವಕ್ಕ ರಾಜನ ಮುಂದೆ ಬಂದಳು.

"ಮಹಾಪ್ರಭು, ಈ ಸಲ ಒಲೆ ನಾನು ಹಚ್ಚುತ್ತೇನೆ."

"ಬೇಡ ತಾಯಿ. ನಿನ್ನ ಗಂಡ ಅಷ್ಟೊಂದು ಬಗೆ ಬಡಿಸಿದರೂ ಅವರು ಮುಟ್ಟಲಿಲ್ಲ."

"ಯಾಕೆ ಮುಟ್ಟಲಿಲ್ಲ ಅಂತ ಯಾರಾದರೂ ಕೇಳಿದರೇ?"

ಯಾರೂ ಕೇಳಿರಲಿಲ್ಲ. ಅವರನ್ನು ಕಂಡರೆ ಓಡುವವರೇ ಎಲ್ಲ, ಕೇಳುವವರು ಯಾರು?

ಆ ಮೂವರು ಅತಿಥಿಗಳನ್ನೇ ಕೇಳಿಬರುತ್ತೇನೆಂದು ದ್ಯಾವಕ್ಕ ಸೆರಗು ಬಿಗಿದು ಹೊರಟಳು. ಮೊದಲು ಪಾಳುಬಾವಿಗೆ ಹೋದಳು. ಏಳು ಹೆಡೆಯ ಸರ್ಪ ಮೇಲೆದ್ದು ಬುಸುಗುಟ್ಟಿತು.

"ಕಚ್ಚುವ ಮೊದಲು ಹೇಳು ನಾಗಪ್ಪ, ಊಟ ಯಾಕೆ ಬಿಟ್ಟೆ?"

ಏಳು ಹೆಡೆಗಳೂ ತಗ್ಗಿದವು. "ಉಪ್ಪು ತಾಕಿದರೆ ನನ್ನ ಮೈಯೆಲ್ಲ ಸುಲಿಯುತ್ತದೆ."

ಆಮೇಲೆ ಬೆಟ್ಟಕ್ಕೆ ಹೋದಳು. ರಾಕ್ಷಸನೊಬ್ಬ ಬಂಡೆ ಎಸೆದ. ದ್ಯಾವಕ್ಕ ಪಕ್ಕಕ್ಕೆ ಸರಿದು ನಿಂತಳು.

"ಇನ್ನೊಂದು ಎಸೆಯುವ ಮೊದಲು ಹೇಳಣ್ಣ, ಊಟ ಯಾಕೆ ಬಿಟ್ಟೆ?"

"ಅಕ್ಕಿ, ಗೋಧಿ, ರಾಗಿ, ಜೋಳ ಯಾವುದು ತಿಂದರೂ ಹೊಟ್ಟೆ ನಗಾರಿಯಂತೆ ಊದುತ್ತದೆ," ಎಂದ ರಾಕ್ಷಸ.

ಕೊನೆಗೆ ಉರಿಯುವ ಮರದ ಬಳಿಗೆ ಹೋದಳು. ಅದರೊಳಗಿನ ಯಕ್ಷಿ ಬೊಮ್ಮರಸನ ದನಿಯಲ್ಲೇ ಕರೆದಳು: "ದ್ಯಾವಿ, ಬೆಂಕಿಯೊಳಗೆ ಬಾ, ನಾನಿಲ್ಲಿದ್ದೇನೆ." ಒಂದು ವರ್ಷದಿಂದ ಕೇಳದ ದನಿ. ದ್ಯಾವಕ್ಕನ ಕಾಲು ತಾನಾಗಿ ಮುಂದೆ ಹೋಯಿತು. ಕಣ್ಣೊರೆಸಿಕೊಂಡು ಆ ಕಾಲನ್ನು ಹಿಂದಕ್ಕೆಳೆದುಕೊಂಡಳು.

"ನನ್ನನ್ನು ಸುಡುವ ಮೊದಲು ಹೇಳು ತಾಯಿ, ಊಟ ಯಾಕೆ ಬಿಟ್ಟೆ?"

ಬೆಂಕಿ ತಣ್ಣಗಾಯಿತು. "ಹಾಲು, ಮೊಸರು, ತುಪ್ಪ ನನಗೆ ವಿಷ. ಅದು ಕರಾಳಕೇತುವಿಗೆ ಗೊತ್ತು. ಹಸಿವಿನಿಂದಲೇ ನಮ್ಮನ್ನು ಕಟ್ಟಿಹಾಕಿದ್ದಾನೆ. ಮೂವರ ಹೊಟ್ಟೆಯೂ ತುಂಬಿದ ದಿನ ಅವನ ಮಂತ್ರ ಮುರಿಯುತ್ತದೆ."

ದ್ಯಾವಕ್ಕ ಅಡುಗೆಮನೆಗೆ ಮರಳಿದಳು. ಮೂವರಿಗೆ ಮೂರು ಅಡುಗೆ ಮಾಡಬಹುದಿತ್ತು. ಆದರೆ ಹಬ್ಬದ ದಿನ ಒಂದೇ ಪಂಕ್ತಿಯಲ್ಲಿ ಕೂತವರಿಗೆ ಒಂದೇ ಊಟ ಬಡಿಸಬೇಕೆಂದು ಅವಳ ಹಟ. ಸಾರಿಗೆ ಉಪ್ಪು ಬಿಟ್ಟು ಮಾವಿನಕಾಯಿ ಹುಳಿ, ಮೆಣಸು ಹಾಕಿದಳು. ಪಾಯಸಕ್ಕೆ ತೆಂಗಿನ ಹಾಲು ಹಿಂಡಿದಳು. ಹೋಳಿಗೆಯ ಕಣಕಕ್ಕೆ ಬಾಳೆಕಾಯಿ ಒಣಗಿಸಿ ಬೀಸಿದ ಹಿಟ್ಟು ಕಲಸಿದಳು. ಮೊದಲ ಹೋಳಿಗೆ ಹರಿಯಿತು, ಎರಡನೆಯದೂ ಹರಿಯಿತು. ಬೆಂದ ಗೆಣಸು ಸೇರಿಸಿ ಮತ್ತೆ ನಾದಿದಳು. ಮೂರನೆಯದು ಬಾಳೆಲೆಯ ಮೇಲೆ ದುಂಡಗೆ ಅರಳಿತು.

ಯುಗಾದಿಯ ಮಧ್ಯಾಹ್ನ ಅತಿಥಿಗಳು ಪಂಕ್ತಿಯಲ್ಲಿ ಕೂತರು. ಸರ್ಪ ಸಾರು ಹೀರಿತು, ರಾಕ್ಷಸ ಹೋಳಿಗೆ ಮುರಿದ. ಕರಾಳಕೇತುವಿನ ಮುಖ ಕಪ್ಪಿಟ್ಟಿತು. ಒಲೆಯ ಪಕ್ಕದಲ್ಲಿ ರಾಜನ ಮನೆಯವರಿಗೆಂದು ಕಾಯಿಸಿಟ್ಟ ತುಪ್ಪದ ಗಿಂಡಿಯನ್ನು ಎತ್ತಿಕೊಂಡ.

"ತುಪ್ಪವಿಲ್ಲದ ಹಬ್ಬವೇ? ನಾನೇ ಬಡಿಸುತ್ತೇನೆ," ಎಂದು ಯಕ್ಷಿಯ ಎಲೆಗೆ ಬಗ್ಗಿಸಿದ.

ದ್ಯಾವಕ್ಕ ಎಲೆಯ ಮೇಲೆ ಎರಡೂ ಕೈ ಬೊಗಸೆಯಾಗಿ ಹಿಡಿದಳು. ಕುದಿಯುವ ತುಪ್ಪವೆಲ್ಲ ಬೊಗಸೆಗೆ ಬಿತ್ತು. ಚರ್ಮ ಬೊಬ್ಬೆ ಎದ್ದರೂ ಅವಳು ಬೆರಳು ಸಡಿಲಿಸಲಿಲ್ಲ, ಒಂದು ಹನಿಯನ್ನೂ ಕೆಳಗೆ ಬಿಡಲಿಲ್ಲ.

"ನೀನು ಉಣ್ಣು ತಾಯಿ," ಎಂದಳು.

ಯಕ್ಷಿ ಅಳುತ್ತಾ ಉಂಡಳು.

"ಸಾಕವ್ವ," ಎಂದಿತು ಸರ್ಪ. "ಸಾಕವ್ವ," ಎಂದ ರಾಕ್ಷಸ. "ಹೊಟ್ಟೆ ತುಂಬಿತವ್ವ," ಎಂದಳು ಯಕ್ಷಿ.

ಕರಾಳಕೇತುವಿನ ಮಂತ್ರದಂಡ ಬೂದಿಯಾಗಿ ಉದುರಿತು. ರಾಕ್ಷಸ ಅವನನ್ನು ಎತ್ತಿ ಏಳು ಸಮುದ್ರದಾಚೆಗೆ ಎಸೆದ. ಆರೂ ಕೆರೆಗಳು ತುಂಬಿದವು. ಕಲ್ಲಾಗಿದ್ದ ಅಡುಗೆಯವರೆಲ್ಲ ಕಣ್ಣು ಬಿಟ್ಟರು. ಯಕ್ಷಿ ಊದಿದ ಉಸಿರಿಗೆ ದ್ಯಾವಕ್ಕನ ಉರಿಯೂ ಇಳಿಯಿತು.

"ಕೈಗೇನಾಯಿತು ದ್ಯಾವಿ?" ಎಂದ ಬೊಮ್ಮರಸ.

"ಆಮೇಲೆ ಹೇಳುತ್ತೇನೆ. ವರ್ಷದಿಂದ ನೀವು ಉಂಡಿಲ್ಲ, ಕೂತುಕೊಳ್ಳಿ."

ರಾಕ್ಷಸ ಸರಿದು ಅವನಿಗೆ ಜಾಗ ಮಾಡಿಕೊಟ್ಟ. ಯಕ್ಷಿ ಎದ್ದು ಎಲೆ ಹಾಕಿದಳು. ಸುರಗಿಪುರದ ಜನ ಅಂದು ಸಂಜೆಯವರೆಗೂ ಉಂಡರು, ಆಮೇಲೂ ಬಹುಕಾಲ ನೆಮ್ಮದಿಯಾಗಿ ಬಾಳಿದರು.