ಮೂರು ಬಾಯಿ, ಒಂದೇ ಉತ್ತರ

"ನಿಲ್ಲೇ!"

ಹಿಂದಿನಿಂದ ಕೂಗು ಬಂತು. ನಾವು ನಿಲ್ಲಲಿಲ್ಲ.

ಬೆಳಗಿನ ಹತ್ತು ಗಂಟೆ. ತರಕಾರಿ ಮಾರ್ಕೆಟ್ ತುಂಬ ಜನ. ಸಿಸ್ಟರ್ ಮಣಿಕಟ್ಟು ನನ್ನ ಬಲಗೈಯಲ್ಲಿತ್ತು. ಮುಂದೆ ಗೇರ್ ಮೊಣಕೈಯಿಂದ ದಾರಿ ಮಾಡುತ್ತಿದ್ದ. ಹಿಂದೆ, ಇಪ್ಪತ್ತೇ ಹೆಜ್ಜೆ ದೂರದಲ್ಲಿ, ಅವಳ ಅಣ್ಣ!

"ಎಡಕ್ಕೆ!" ಎಂದೆ.

ಗೇರ್ ಬಲಕ್ಕೆ ತಿರುಗಿದ.

"ಎಡ ಅಂದ್ನಲ್ಲೋ!"

"ಎಡಗಡೆ ಎಮ್ಮೆ ಥರ ಗಾಡಿ ನಿಂತಿದೆ ಕಣೇ! ಕಣ್ಣಿಲ್ವಾ?"

ಟೊಮೇಟೊ ಬುಟ್ಟಿಯೊಂದು ಉರುಳಿತು. ಯಾರೋ ಬೈದರು. ಓಡಿದೆವು.

ಯಾರಿವರು ಅಂತೀರಾ? ಸಿಸ್ಟರ್ ನರ್ಸು. ಶಾಲೆಯಲ್ಲಿ ನನ್ನ ಬೆಂಚಿನವಳು. ಗೇರ್ ಲಾರಿ ಡ್ರೈವರ್, ಅದೇ ಕ್ಲಾಸಿನ ಕೊನೆ ಬೆಂಚು. ಬಾಯಿಗೆ ಬ್ರೇಕ್ ಇಲ್ಲ, ಅದಕ್ಕೇ ಆ ಹೆಸರು. ನಾನು ಗಡಿ ದಾಟಿಸುವವಳು. ಫಾರಂ, ಸೀಲು, ಆಫೀಸರು ಏನು ಕೇಳಿದರೆ ಏನು ಹೇಳಬೇಕು... ಎಲ್ಲವನ್ನೂ ನಾನೇ ಹೊಂದಿಸುತ್ತೇನೆ. ಹನ್ನೆರಡು ವರ್ಷದ ಕಸುಬು. ದಾಟುವವರೆಲ್ಲ ನನ್ನನ್ನು ಅಕ್ಕ ಎನ್ನುತ್ತಾರೆ.

ಈ ಸಲ ನಾನೇ ದಾಟಿದ್ದೆ, ಜೊತೆಗೆ ಗೇರ್ ಕೂಡ. ಸಿಸ್ಟರ್‌ಗಾಗಿ.

ಅವಳ ಅಣ್ಣ ಹೆಂಡತಿಗೆ ಬೆಂಕಿ ಹಚ್ಚಿದವನು. ಸುಟ್ಟವರ ವಾರ್ಡಿನಲ್ಲಿ ಆ ದಿನ ಡ್ಯೂಟಿ ತಂಗಿಯದೇ. ಅತ್ತಿಗೆಯ ಕೊನೆಯ ಮಾತನ್ನು ಅವಳೇ ಕೇಳಿಸಿಕೊಂಡಳು. ಪೊಲೀಸರಿಗೂ ಹೇಳಿದಳು. ಅವನಿಗೆ ಜಾಮೀನು ಸಿಕ್ಕಿತು. ಇವಳಿಗೆ ಊರು ತಪ್ಪಿತು.

ಗಡಿ ದಾಟಿದ ಏಳನೇ ದಿನ ಕಚೇರಿಯಲ್ಲಿ ವಿಚಾರಣೆ. ಕತೆ ನಂಬಿದರೆ ವಾಸದ ಕಾರ್ಡ್. ನಂಬದಿದ್ದರೆ ಸಂಜೆ ಬಸ್ಸಿಗೆ ವಾಪಸ್ಸು.

ಇವತ್ತು ಏಳನೇ ದಿನ.

ಆರು ದಿನ ಹೇಗೋ ಬೇರು ಬಿಡಲು ನೋಡಿದ್ದೆವು. ಹಾಸಿಗೆ ಹೊಲಿಯುವ ಅಂಗಡಿಯ ಮೇಲೊಂದು ಕೋಣೆ. ಸೀನಿದರೆ ಹತ್ತಿ. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಸಿಸ್ಟರ್ ಲಾಂಡ್ರಿಯಲ್ಲಿ ಚಾದರಗಳಿಗೆ ಇಸ್ತ್ರಿ ಹಾಕಿದಳು. ಗೇರ್ ಡಿಪೋದಲ್ಲಿ ಬಸ್ಸು ತೊಳೆದ.

"ಆನೆ ಮೇಲೆ ಕೂತಿದ್ದೋನು ಲದ್ದಿ ಬಾಚ್ತಿದೀನಿ ಕಣ್ರೇ," ಎಂದು ನಗಿಸುತ್ತಿದ್ದ.

ನಾನು ನಗುತ್ತಿರಲಿಲ್ಲ. ಪಾಠ ಮಾಡುತ್ತಿದ್ದೆ. ದಿನಕ್ಕೆ ಮೂರು ಸಲ, ನಲವತ್ತು ಪ್ರಶ್ನೆ, ನಲವತ್ತು ಉತ್ತರ. ನಮ್ಮ ಕತೆಯಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೂ ಗಿಣಿಗೆ ಕಲಿಸಿದಂತೆ ಕಲಿಸಿದೆ. ಕಸುಬು ಸ್ವಾಮಿ... ಕೈ ಬಿಟ್ಟರೂ ಬಾಯಿ ಬಿಡುವುದಿಲ್ಲ!

ಕಚೇರಿಯ ಗೇಟು ಕಂಡಿತು. ಟೋಕನ್ ತೋರಿಸಿ ನುಗ್ಗಿದೆವು. ಗಾರ್ಡ್ ಅವನನ್ನು ತಡೆದ.

ಅಣ್ಣ ಕಿರುಚಲಿಲ್ಲ. ಕಂಬಿಗೆ ಹಣೆ ಹಚ್ಚಿ ಮೆಲ್ಲಗೆ ಹೇಳಿದ:

"ಹೋಗು ಪುಟ್ಟಿ, ಹೋಗು. ಹೊರಗೆ ಬರ್ಲೇಬೇಕಲ್ಲ!"

ಸಿಸ್ಟರ್ ತಿರುಗಿ ನೋಡದೆ ಒಳಗೆ ನಡೆದಳು.

ಮೂವರನ್ನೂ ಬೇರೆ ಬೇರೆ ಕೋಣೆಗೆ ಕಳಿಸಿದರು. ಅವೇ ಪ್ರಶ್ನೆಗಳು! ನಲವತ್ತರಲ್ಲಿ ಮೂವತ್ತೆಂಟು. ಮನಸ್ಸಿನಲ್ಲೇ ನನ್ನ ಬೆನ್ನು ತಟ್ಟಿಕೊಂಡೆ.

ಮಧ್ಯಾಹ್ನ ಆಫೀಸರ್ ಮೂವರನ್ನೂ ಒಟ್ಟಿಗೆ ಕೂರಿಸಿದ. ಕನ್ನಡಕ ತೆಗೆದು ಒರೆಸಿದ. ಮೂರು ಹಾಳೆಗಳನ್ನು ಪಕ್ಕಪಕ್ಕ ಇಟ್ಟ.

"ಗಡೀಲಿ ನಿಮ್ಮ ಮುಂದೆ ನಿಂತಿದ್ದೋರು ಯಾರು? ನೀಲಿ ಕೊಡೆ ಹಿಡಿದ ಅಜ್ಜಿ. ಇಲ್ಲಿ ನೀಲಿ ಕೊಡೆ. ಇಲ್ಲೂ ನೀಲಿ ಕೊಡೆ."

"ನಿಜ ಸಾರ್."

"ದಾಟಿದ್ದು ಹತ್ತೂಮುಕ್ಕಾಲಿಗೆ. ಮೂರು ಕಡೇನೂ. ಅಣ್ಣ ಅತ್ತಿಗೆ ವಿಷ್ಯ... ಅಕ್ಷರ ಅಕ್ಷರ ಒಂದೇ." ನನ್ನನ್ನೇ ನೋಡಿದ. "ನಮ್ಮ ಮದುವೇಲಿ ಮಳೆ ಬಂತಾ ಇಲ್ವಾ ಅಂತ ನಾನೂ ನನ್ನ ಹೆಂಡ್ತೀನೂ ಇವತ್ತಿಗೂ ಕಿತ್ತಾಡ್ತೀವಮ್ಮ. ನಿಜವಾಗಿ ನಡೆದಿದ್ದನ್ನ ಮೂರು ಜನ ಹೀಗೆ ಹೇಳಲ್ಲ."

ಮೂರು ಹಾಳೆಗಳತ್ತ ಬಗ್ಗಿ ನೋಡಿದೆ.

"ಕೊಡೆ ಹಸಿರು ಅಂತ ನಾನು ಮೊದಲೇ ಬಡ್ಕೊಂಡೆ ಸಾರ್!" ಎಂದ ಗೇರ್. "ಇವಳು ಕೇಳ್ಲಿಲ್ಲ... ನಾವು ಜಗಳಾನೇ ಆಡಿದೀವಿ!"

"ಜಗಳ ಆಡೋದನ್ನೂ ಹೇಳ್ಕೊಟ್ಟಿದಾರಾ?"

ಗೇರ್ ಬಾಯಿ ಮುಚ್ಚಿದ. ಜೀವಮಾನದಲ್ಲಿ ಮೊದಲ ಸಲ ಬ್ರೇಕ್ ಹಿಡಿಯಿತು.

ಅರ್ಥವಾಯಿತಲ್ಲ? ಸುಳ್ಳನ್ನು ನಿಜ ಮಾಡುವ ಕೈ ನನ್ನದು. ಅದೇ ಕೈ ನಿಜವನ್ನು ಸುಳ್ಳು ಮಾಡಿತ್ತು!

"ಕತೆ ಕಲಿಸೋದು ಇಲ್ಲಿ ಅಪರಾಧ," ಎಂದ ಆಫೀಸರ್. "ಎರಡು ವರ್ಷ ಜೈಲು. ಯಾರು ಕಲಿಸಿದ್ದು?"

ನಾನು. ಒಂದೇ ಪದ. ನಾಲಿಗೆಯ ತುದಿಯಲ್ಲಿತ್ತು.

ಹೊರಗೆ ಬರಲಿಲ್ಲ... ಏನು ಬೇಕಾದರೂ ಅಂದುಕೊಳ್ಳಿ. ಎರಡು ವರ್ಷ ಅಂದರೆ ಎರಡು ವರ್ಷ.

"ನಾನು," ಎಂದಳು ಸಿಸ್ಟರ್.

"ಲೇ!" ಎಂದೆ.

ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಬಲವಾಗಿ.

ಆಫೀಸರ್ ಹುಬ್ಬೇರಿಸಿದ. "ನೀವು ನರ್ಸ್ ಅಲ್ವಾ?"

"ಹೌದು ಸಾರ್. ಬೇಡ ಬೇಡ ಅಂದ್ರೂ ನುಂಗಿಸೋದೇ ನನ್ನ ಕೆಲಸ. ದಿನಕ್ಕೆ ಮೂರು ಸಲ. ಊಟ ಆದ್ಮೇಲೆ."

ನಂತರ ನಲವತ್ತು ಪ್ರಶ್ನೆಗಳನ್ನೂ ಒಂದರ ಹಿಂದೊಂದು ಹೇಳಿದಳು. ಉತ್ತರದ ಸಮೇತ. ಎಲ್ಲೂ ತಡವರಿಸಲಿಲ್ಲ. ಆಫೀಸರ್ ಬರೆದುಕೊಂಡ. ಸೀಲು ಬಿತ್ತು.

ಮಹಿಳಾ ಪೇದೆ ಬಂದು ಅವಳ ತೋಳು ಹಿಡಿದಳು. ಸಿಸ್ಟರ್ ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಅಳಬೇಡ ಕಣೇ, ಗೂಬೆ. ಒಳಗಡೆ ಅವನು ಬರಕ್ಕಾಗಲ್ಲ."

"ಎರಡು ವರ್ಷ ಆದ್ಮೇಲೆ?"

ಆ ಪ್ರಶ್ನೆ ನಾನು ಕಲಿಸಿದ್ದರಲ್ಲಿ ಇರಲಿಲ್ಲ.

ಬಾಗಿಲು ಮುಚ್ಚಿತು.

ಸಂಜೆ ಐದಕ್ಕೆ ನನ್ನನ್ನೂ ಗೇರ್‌ನನ್ನೂ ವಾಪಸ್ ಬಸ್ಸು ಹತ್ತಿಸಲು ಗೇಟಿಗೆ ತಂದರು. ಅಣ್ಣ ಅಲ್ಲೇ ಇದ್ದ. ಕಡಲೆಕಾಯಿ ಸುಲಿಯುತ್ತಿದ್ದ.

"ತಂಗಿ ಎಲ್ಲಿ?"

"ಜೈಲಲ್ಲಿ. ಎರಡು ವರ್ಷ."

ಸಿಪ್ಪೆ ಊದಿದ.

"ಸರಿ. ಕಾಯ್ತೀನಿ." ನನ್ನತ್ತ ತಿರುಗಿದ. "ಅವಳನ್ನ ಇಲ್ಲಿಗೆ ತಂದೋಳು ನೀನಲ್ವಾ ಅಕ್ಕಾ? ಅಲ್ಲೀವರೆಗೂ ನೀನಿದೀಯ ಬಿಡು."

ಗೇರ್ ಅಡ್ಡ ಬಂದ. ಗಾರ್ಡ್ ನಮ್ಮಿಬ್ಬರನ್ನೂ ಬಸ್ಸಿನೊಳಗೆ ನೂಕಿದ. ಕೊನೆಯ ಸೀಟು. ಗಾಜು ಒಡೆದ ಕಿಟಕಿ.

"ಏನಾದ್ರೂ ಪ್ಲಾನ್ ಹೇಳೇ," ಎಂದ ಗೇರ್. "ಯಾವಾಗ್ಲೂ ಇರತ್ತಲ್ಲ ನಿನ್ಹತ್ರ!"

ಇರಲಿಲ್ಲ.

ಬಸ್ಸು ಗಡಿಯತ್ತ ಹೊರಟಿತು. ಹಿಂದೆಯೇ ಅವನ ಜೀಪು, ಲೈಟು ಮಿಟುಕಿಸುತ್ತ.

ಹನ್ನೆರಡು ವರ್ಷ ಊರವರನ್ನೆಲ್ಲ ಗಡಿ ದಾಟಿಸಿದವಳು ನಾನು... ನನ್ನನ್ನು ದಾಟಿಸಲು ಒಬ್ಬ ಹಿಂದೆಯೇ ಬಂದದ್ದು ಇದೇ ಮೊದಲು!