ಬಲಭುಜದ ನೀಲಿ ಹೊಲಿಗೆ

"ನಾನು ಸುಳ್ಳುಗಾತಿ ಅಂತ ಬರೆದು ಕಳಿಸಿದ್ದಾರೆ ಮೇಡಂ!"

ಬಾಗಿಲಲ್ಲಿ ನಿಂತಿದ್ದವಳು ಗಾರ್ಮೆಂಟ್ಸ್ ಕಾರ್ಖಾನೆಯ ಕಟಿಂಗ್ ಕೆಲಸದವಳು. ನನ್ನ ಅತ್ತಿಗೆ ಕೋರ್ಟಿನಲ್ಲಿ ಮೂವತ್ತು ವರ್ಷ ಗುಮಾಸ್ತೆಯಾಗಿದ್ದವರು. ನಿವೃತ್ತಿಯಾದರೂ ಜನ ಬಿಟ್ಟಿರಲಿಲ್ಲ. ಅವರು ಕೇಳುವುದು, ನಾದಿನಿಯಾದ ನಾನು ಟೀ ಮಾಡುವುದು, ಇದು ನಮ್ಮ ಮನೆಯ ಕಾನೂನು.

ಕಾರ್ಖಾನೆಯಲ್ಲಿ ಲಸಿಕೆ ಹಾಕಿಸಿಕೊಂಡ ದಿನದಿಂದ ಅವಳ ಬಲಭುಜ ಮೇಲೇಳುತ್ತಿರಲಿಲ್ಲ. ಪರಿಹಾರಕ್ಕೆ ಅರ್ಜಿ ಹಾಕಿದ್ದಳು. ಆದರೆ ಚುಚ್ಚಿದ್ದು ಎಡತೋಳಿಗೆ ಎಂದು ರಿಜಿಸ್ಟರಿನಲ್ಲಿತ್ತು. ಪಕ್ಕದಲ್ಲೇ ನಿಂತು ನೋಡಿದೆ, ಎಡತೋಳೇ, ಎಂದು ಸೂಪರ್‌ವೈಸರ್ ಹೇಳಿಕೆ ಕೊಟ್ಟಿದ್ದಳು. ಶುಕ್ರವಾರದ ವಿಚಾರಣೆಯಲ್ಲಿ ಅದನ್ನು ಅಲ್ಲಗಳೆಯದಿದ್ದರೆ ಅರ್ಜಿ ವಜಾ, ಕೆಲಸವೂ ಹೋದಂತೆಯೇ.

ನನಗೇಕೋ ಅನುಮಾನ. "ಎಲ್ಲರೂ ಎಡಕ್ಕೆ ಹಾಕಿಸ್ಕೊಂಡಾಗ ನೀನ್ಯಾಕಮ್ಮ ಬಲ ಕೊಟ್ಟೆ?" ಎಂದೆ.

ಅವಳು ಟೀ ಲೋಟವನ್ನು ಎಡಗೈಯಲ್ಲಿ ಎತ್ತಿದಳು. "ನಾನು ಎಡಚಿ ಅಲ್ವಾ? ಕತ್ತರಿ ಹಿಡಿಯೋ ಕೈ ನೋಯಬಾರದು ಅಂತ ಬಲ ಕೊಟ್ಟೆ. ಈಗ ಬಟ್ಟೆ ಎಳೆದು ಹರಡೋಕೇ ಆಗ್ತಿಲ್ಲ."

"ಅವತ್ತಿನ ಅಂಗಿ ಇದೆಯಾ?" ಎಂದರು ಅತ್ತಿಗೆ.

ಮರುದಿನ ತಂದಳು. ಬಿಳಿ ಯೂನಿಫಾರಂ. ಬಲತೋಳು ಭುಜಕ್ಕೆ ಕೂಡುವಲ್ಲಿ ಮೂರು ಬೆರಳಗಲ ನೀಲಿ ದಾರದ ಕೈಹೊಲಿಗೆ, ಕೊನೆಗೆ ನಕ್ಷತ್ರದಂಥ ಪುಟ್ಟ ಗಂಟು.

"ತೋಳು ಬಿಗಿ, ಮಡಚೋಕೆ ಬರಲಿಲ್ಲ. ಎಲ್ಲರೆದುರು ಅಂಗಿ ಬಿಚ್ಚೋಕಾಗುತ್ತಾ? ಹೊಲಿಗೆ ಬಿಚ್ಚಿ ಸಂದು ಮಾಡಿದೆ. ಆಮೇಲೆ ಭುಜ ಸಿಡಿದುಹೋಗೋ ಹಾಗಾಯ್ತು, ತಲೆ ಸುತ್ತಿತು. ಅಂಗಿ ಮೊಳೆಗೆ ಹಾಕಿ, ದುಪ್ಪಟ್ಟಾ ಹೊದ್ಕೊಂಡು ವಿಶ್ರಾಂತಿ ಕೋಣೇಲಿ ಮಲಗಿದೆ. ಎದ್ದಾಗ ಯಾರೋ ಹೊಲಿದಿದ್ರು."

"ಇವಳೇ ಹೊಲ್ಕೊಂಡು ಬಂದಿರಬಹುದು," ಎಂದು ಅಡುಗೆಮನೆಯಲ್ಲಿ ಪಿಸುಗುಟ್ಟಿದೆ. ಅತ್ತಿಗೆ ನಕ್ಕು ಚಪ್ಪಲಿ ಮೆಟ್ಟಿದರು, ನಾನೂ ಹಿಂದೆಯೇ ಹೊರಟೆ.

ಕಾರ್ಖಾನೆಯಲ್ಲಿ ನರ್ಸ್ ರಿಜಿಸ್ಟರನ್ನು ಎದೆಗೊತ್ತಿಕೊಂಡೇ ತೋರಿಸಿದಳು. ಎಂಬತ್ತು ಹೆಸರು. ಹೆಸರುಗಳು ಕಪ್ಪು ಶಾಯಿಯಲ್ಲಿ, ಅವುಗಳ ಮುಂದೆ 'ಎಡ' ಮಾತ್ರ ಮೇಲಿಂದ ಕೆಳಗೆ ಒಂದೇ ನೀಲಿ ಶಾಯಿಯಲ್ಲಿ. ಇವಳೇ ಕಳ್ಳಿ ಎಂದುಕೊಂಡೆ.

ಸೂಪರ್‌ವೈಸರ್ ಮಾತ್ರ ನಗುನಗುತ್ತ ಕುರ್ಚಿ ಹಾಕಿಸಿದಳು. ಅತ್ತಿಗೆಯ ಚೀಲದ ಹಿಡಿ ಅಲ್ಲೇ ಕಿತ್ತುಬಂತು. "ಕೊಡಿ ಆಂಟಿ, ಎರಡು ನಿಮಿಷ," ಎಂದು ಹೊಲಿದೂ ಕೊಟ್ಟಳು. ಎಷ್ಟು ಒಳ್ಳೆಯವಳು ಎನಿಸಿತು ನನಗೆ.

ಗುರುವಾರ ಅತ್ತಿಗೆ ಮೂವರನ್ನೂ ಕಾರ್ಖಾನೆಯ ಟೀ ಕೋಣೆಯಲ್ಲಿ ಕೂರಿಸಿದರು.

"ನರ್ಸಮ್ಮ, 'ಎಡ' ಅಂತ ಮೊದಲೇ ಬರೆದಿಟ್ಟಿದ್ದೆ, ಅಲ್ವಾ?"

"ಎಂಬತ್ತು ಜನ ಒಂದೇ ಗಂಟೇಲಿ ಮುಗಿಸು ಅಂದ್ರು ಮೇಡಂ," ಎಂದಳು ನರ್ಸ್. "ನನ್ನ ಕುರ್ಚೀನೂ ತೆಗೆಸಿದ್ರು. ಗಿಡ್ಡ ಸ್ಟೂಲ್ ಮೇಲೆ ಹಾಕಿಸ್ಕೊಳ್ಳೋರು ಕೂತಿದ್ರು, ನಾನು ನಿಂತೇ ಚುಚ್ಚಿದೆ."

"ನಿಂತು ಚುಚ್ಚಿದ್ರೆ ಸೂಜಿ ಮೇಲಕ್ಕೆ ಹೋಗುತ್ತೆ. ಇವಳ ಅಂಗೀಲಿ ತೆರೆದಿದ್ದೂ ಈ ಸಂದು ಒಂದೇ." ಅತ್ತಿಗೆ ಅಂಗಿ ಹರಡಿದರು. "ನೋಡಿ, ಭುಜದ ತುದೀಲಿ. ತೋಳಿನ ಸ್ನಾಯುವಿಗೆ ಹೋಗಬೇಕಾದ್ದು ಕೀಲಿಗೆ ಹೋಯ್ತು. ಎಡಕ್ಕೆ ಚುಚ್ಚಿದ್ರೆ ಬಲಗಡೆ ಯಾಕೆ ಬಿಚ್ತಾಳೆ?"

"ಆಮೇಲೆ ಬಿಚ್ಚಿ ಹೊಲ್ಕೊಂಡಿರಬಹುದಲ್ಲ!" ಎಂದಳು ಸೂಪರ್‌ವೈಸರ್.

ಅತ್ತಿಗೆ ಅಂಗಿಯ ಪಕ್ಕ ತಮ್ಮ ಚೀಲವಿಟ್ಟರು. ಹಿಡಿಯ ತುದಿಯಲ್ಲೂ ಅದೇ ನಕ್ಷತ್ರದ ಗಂಟು.

"ಈ ಹಿಡೀನ ಅವತ್ತು ಇಲ್ಲಿಗೆ ಹೊರಡೋ ಮುಂಚೆ ನಾನೇ ಬ್ಲೇಡಿಂದ ಸಡಿಲ ಮಾಡಿದ್ದು. ಗಂಟು ನಿನ್ನದು. ಅಂಗಿ ಹೊಲಿದವಳಿಗೆ ಬಿಚ್ಚಿದ್ದು ಯಾವ ಕಡೆ ಅಂತ ಗೊತ್ತಿರಲ್ವೇನಮ್ಮ?"

ಸೂಪರ್‌ವೈಸರ್ ಗಂಟಿನ ಮೇಲೆ ಬೆರಳಿಟ್ಟಳು. "ಕುರ್ಚಿ ತೆಗೆಸಿದ್ದು ನಾನೇ. ಬಲ ಅಂತ ಒಪ್ಪಿದ್ರೆ ಎಲ್ಲಾ ನನ್ನ ತಲೆಗೇ ಬರುತ್ತೆ ಅಂತ ಹೆದರಿದೆ. ಅವತ್ತು... ಹರಿದ ಅಂಗೀಲಿ ಮನೆಗೆ ಹೋಗ್ತಾಳಲ್ಲ ಅಂತ ಮನಸ್ಸು ತಡೀಲಿಲ್ಲ."

ಕಟಿಂಗ್‌ನವಳು ಅತ್ತಿಗೆಯ ಮುಂದಿದ್ದ ಬಿಳಿ ಹಾಳೆಯನ್ನೂ ಪೆನ್ನನ್ನೂ ಎಡಗೈಯಿಂದ ಸೂಪರ್‌ವೈಸರ್ ಕಡೆ ತಳ್ಳಿದಳು.

"ಹೊಲಿದಿದ್ದು ನೀವಂತ ಗೊತ್ತಿದ್ರೆ ಅವತ್ತೇ ಥ್ಯಾಂಕ್ಸ್ ಹೇಳ್ತಿದ್ದೆ ಅಕ್ಕ. ಈಗ ಬರೀರಿ."