ದೇವಿ ಪಾತ್ರಕ್ಕೆ ಕೆಟ್ಟ ಪೇಟಿ

ಸಿದ್ದವ್ವ ಹಾಡಿನ ಎರಡನೇ ಸಾಲಿಗೆ ಬರುವಷ್ಟರಲ್ಲಿ ಹಾರ್ಮೋನಿಯಂ ಪೇಟಿ ಒಂದು ಕಡೆ, ಅವಳ ಧ್ವನಿ ಇನ್ನೊಂದು ಕಡೆ ಆಯಿತು. ಸಭಾಂಗಣ ಗೊಳ್ಳೆಂದು ನಕ್ಕಿತು.

೧೯೭೪ರ ದೀಪಾವಳಿ ರಜೆಯ ಸಂಗೀತ ನಾಟಕಕ್ಕೆ ಸಿಂದಗಿಯ ಸಂಘ ಅಂದು ಪಾತ್ರಧಾರಿಗಳನ್ನು ಆರಿಸುತ್ತಿತ್ತು. ದೇವಿ ಪಾತ್ರಕ್ಕೆ ಇಬ್ಬರು ಬಂದಿದ್ದರು: ವರ್ಷಗಟ್ಟಲೆ ಹೆಣ್ಣು ಪಾತ್ರ ಮಾಡಿದ್ದ ಗೋವಿಂದ ಮತ್ತು ಸಂಘದ ಅಧ್ಯಕ್ಷ ಬಸಂತರಾಯರ ಹೊಲದ ಆಳಿನ ಮಗಳು ಸಿದ್ದವ್ವ. ಗೋವಿಂದ ಮೊದಲು ಹಾಡಿದ್ದ. ತನ್ನ ಹಳೆಯ ಭೀಮಪಲಾಸ ಹಾಡನ್ನೇ ಹಾಡುತ್ತೇನೆಂದು ಅವನು ಗೊಣಗಿದರೂ, ಅದನ್ನು ಕೇಳಿ ಸಾಕಾಗಿದೆ, ಭೂಪ ರಾಗದ್ದು ಹಾಡು ಎಂದು ಬಸಂತರಾಯರು ಪಟ್ಟು ಹಿಡಿದಿದ್ದರು.

"ಬೇಸೂರ," ಎಂದರು ಬಸಂತರಾಯರು ಈಗ. "ಇದ ಪೇಟಿ, ಇದ ಶ್ರುತಿ, ಗೋವಿಂದ ಹಾಡಿದಾಗ ಸರಿ ಇತ್ತು. ನಾನೂ ಪೇಟಿ ಕಲಿತಾಂವ, ಕಿವಿ ಐತಿ ನನಗ. ನಡಿ, ಹೊಲದಾಗ ಕಳೆ ತಗಿಯೋದೈತಿ."

"ಹುಡುಗಿ ತಪ್ಪಲ್ರಿ," ಎಂದ ಪೇಟಿ ಮಾಸ್ತರ ಅಪ್ಪಾಸಾಬ. ಯಾರೂ ಕೇಳಲಿಲ್ಲ. ಬಾಗಿಲಲ್ಲಿದ್ದ ಸಿದ್ದವ್ವನ ಅಣ್ಣ ಹಲ್ಲು ಕಡಿದ. "ಮನಿ ಮರ್ಯಾದಿ ಕಳದಿ. ಇನ್ನ ಹಾಡಿನ ಹೆಸರ ಎತ್ತಿದ್ರ ಕಾಲ ಮುರಿತೇನಿ."

ಶಾಲಾ ಮಾಸ್ತರ ಶಂಕರೆಪ್ಪನ ಮೈ ಉರಿಯಿತು. ಪಕ್ಕದಲ್ಲಿ ನಿವೃತ್ತ ಮುಖ್ಯೋಪಾಧ್ಯಾಯಿನಿ ಅಂಬುಬಾಯಿ ಕುಳಿತಿದ್ದರು. ಊರಿನ ಎಷ್ಟೋ ಕಳ್ಳತನ ಪತ್ತೆ ಮಾಡಿದವರು. ಆಗೆಲ್ಲ ಅವನೇ ಅವರ ಜೊತೆಗಾರ.

"ಬಾಯಾರ, ಸುಮ್ಮನ ಕೂಡ್ತೀರೇನ್ರಿ?"

"ಕೂಡಲಿಕ್ಕೆ ಬಂದಿಲ್ಲೋ," ಎಂದು ಅಂಬುಬಾಯಿ ಎದ್ದರು. "ಯಾರೂ ಹೊರಗ ಹೋಗಬ್ಯಾಡ್ರಿ. ಅಪ್ಪಾಸಾಬ, ಪೇಟಿ ಬಿಚ್ಚು."

ಮಧ್ಯಮ ಸ್ವರದ ಹಿತ್ತಾಳೆ ನಾಲಿಗೆಯ ತುದಿಗೆ ಒಂದಿಷ್ಟು ಮೇಣ ಅಂಟಿತ್ತು. ಆ ಭಾರಕ್ಕೆ ಸ್ವರ ಕೆಳಗಿಳಿದಿತ್ತು. ಹಿಂದಿನ ಸಂಜೆ ಅಪ್ಪಾಸಾಬ ಎಲ್ಲರೆದುರು ಪೇಟಿ ಸರಿ ಮಾಡಿ, ಅದನ್ನಿಟ್ಟ ಕೋಣೆಗೆ ಬೀಗ ಹಾಕಿದ್ದ. ಆಮೇಲೆ ಕೀಲಿಕೈ ಹಿಡಿದವರು ಮೂವರೇ: ಅವನು, ಬಣ್ಣದ ಪೆಟ್ಟಿಗೆ ಇಡಲು ಬಂದಿದ್ದ ಗೋವಿಂದ, ಬಸಂತರಾಯರು.

"ಕುಂಕುಮದ ಮೇಣ ಇವನ ಪೆಟ್ಟಿಗ್ಯಾಗ ಐತಲ್ಲ," ಎಂದು ಯಾರೋ ಗೋವಿಂದನನ್ನು ತೋರಿಸಿದರು.

"ತಡೀರಿ," ಎಂದರು ಅಂಬುಬಾಯಿ. "ಅಪ್ಪಾಸಾಬಗ ಮೇಣ ಯಾಕ ಬೇಕು? ಬಾರಿಸೋ ಕೈ ಅವಂದ. ತಪ್ಪು ಸ್ವರ ಒತ್ತಿದ್ರ ಆಗತಿತ್ತು. ಇನ್ನ, ಗೋವಿಂದ ಹಾಡ್ತೀನಿ ಅಂದದ್ದು ಭೀಮಪಲಾಸ. ಅದರಾಗ ಮಧ್ಯಮನ ಜೀವ. ಮೇಣ ಹಚ್ಚಿದಾಂವ ತನ್ನ ಕುತ್ತಿಗಿಗೆ ತಾನ ಹಗ್ಗ ಹಾಕ್ಕೊಳ್ತಾನೇನು? ಭೂಪದಾಗ ಮಧ್ಯಮ ಇಲ್ಲವ ಇಲ್ಲ. ಅದಕ್ಕ ಅವನ ಹಾಡಿಗೆ ಪೇಟಿ ಸರಿ ಅನಿಸ್ತು, ಮಧ್ಯಮ ಇರೋ ಸಿದ್ದವ್ವನ ಹಾಡಿಗೆ ಕೆಟ್ಟಿತು. ಭೂಪದ್ದ ಹಾಡು ಅಂತ ಹಟ ಮಾಡಿದವರು ಯಾರು, ಬಸಂತರಾಯರ?"

ಬಸಂತರಾಯರು ಅಲ್ಲಗಳೆಯಲಿಲ್ಲ. ನಾಚಿಕೆಯೂ ಪಡಲಿಲ್ಲ. "ಹೌದು, ನಾನ. ರಾಜನ ಪಾತ್ರ ನನ್ನ ಮಗ ಗುರಣ್ಣಂದು. ಕಡೇ ಸೀನಿನ್ಯಾಗ ರಾಜ ದೇವಿ ಕಾಲಿಗೆ ಬೀಳ್ತಾನ. ನನ್ನ ಆಳಿನ ಮಗಳ ಕಾಲಿಗೆ ನನ್ನ ಮಗ ಬೀಳೋದು ಊರೆಲ್ಲ ನೋಡಬೇಕೇನು?"

"ಮುಂಜಾನಿಂದ ಸಂಜಿತನಕ ಆಕಿ ನಿಮ್ಮ ಹೊಲದಾಗ ಬಗ್ಗೋದು ಊರೆಲ್ಲ ನೋಡೇತಲ್ರಿ," ಎಂದ ಶಂಕರೆಪ್ಪ.

ಅಪ್ಪಾಸಾಬ ಮೇಣ ಕೆರೆದು ತೆಗೆದ. ಸಿದ್ದವ್ವ ಯಾರ ಅಪ್ಪಣೆಯನ್ನೂ ಕೇಳದೆ ಮೊದಲಿನಿಂದ ಹಾಡಿದಳು. ಅಣ್ಣ ತಲೆ ತಗ್ಗಿಸಿದ. ಹಾಡು ಮುಗಿದಾಗ ಗೋವಿಂದ, "ಪಾತ್ರ ಆಕೀದ," ಎಂದ. ಸಂಘದವರು ಒಬ್ಬೊಬ್ಬರಾಗಿ ಕೈ ಎತ್ತಿದರು.

ಬಸಂತರಾಯರು ಎದ್ದು ಹೊರಟರು. ಗುರಣ್ಣ ಒಂದು ಗಳಿಗೆ ನಿಂತು, ತಂದೆಯ ಹಿಂದೆಯೇ ಹೋದ.

"ರಾಜನ ಪಾತ್ರ ಖಾಲಿ ಆತಲ್ಲವಾ," ಎಂದರು ಅಂಬುಬಾಯಿ.

ಮೊದಲು ತನ್ನ ಹಾಡಿಗೆ ನಕ್ಕವರ ಕಡೆ ಸಿದ್ದವ್ವ ತಿರುಗಿದಳು. "ಯಾರಿಗೆ ಬೇಕು, ಬರ್ರಿ. ಹಾಡಾಕ ಬರದಿದ್ರೂ ನಡಿತೈತಿ. ಮೊದಲ ಕಾಲಿಗೆ ಬಿದ್ದು ತೋರಿಸ್ರಿ."